ಜಂಬಿಟ್ಟಿಗೆ ಮಣ್ಣನ್ನ ಬಾಟಲಿಯಲ್ಲಿ ಅಳೆಯೋದು ಹೇಗೆ

ಹಿತ್ತಲ ಮಣ್ಣಲ್ಲಿ ಮರಳೆಷ್ಟು, ಹೂಳೆಷ್ಟು, ಜೇಡಿಯೆಷ್ಟು ಅಂತ ತಿಳಿಯೋಕೆ ಒಂದು ಗಾಜಿನ ಬಾಟಲಿ, ವಾಷಿಂಗ್ ಸೋಡ, ಒಂದು ಸ್ಕೇಲು ಸಾಕು. ಆದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಂಪು ಜಂಬಿಟ್ಟಿಗೆ (ಲ್ಯಾಟರೈಟ್) ಮಣ್ಣನ್ನ ಸುಮ್ನೆ ನೀರಿಗೆ ಹಾಕಿ ಕುಲುಕಿದ್ರೆ ಲೆಕ್ಕ ತಪ್ಪುತ್ತೆ. ಈ ಮಣ್ಣಲ್ಲಿರೋ ಕಬ್ಬಿಣದ ಆಕ್ಸೈಡ್ ಜೇಡಿಯ ಕಣಗಳನ್ನ ಅಂಟಿಸಿ ಸಣ್ಣ ಹರಳು ಮಾಡಿಟ್ಟಿರುತ್ತೆ. ಆ ಹರಳು ಮರಳಿನ ಜೊತೆಗೇ ತಳ ಸೇರುತ್ತೆ. ನೋಡಿದವರು ನಮ್ದು ಮರಳು ಮಣ್ಣು ಅಂದ್ಕೊಳ್ತಾರೆ.

ಮೇಲಿನ ದರಗು (ಒಣ ಎಲೆ) ಸರಿಸಿ, 15 ಸೆಂ.ಮೀ. ಆಳಕ್ಕೆ ಗುಂಡಿ ತೋಡಿ, ಅದರ ಗೋಡೆಯನ್ನ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆತ್ತಿ. ಐದಾರು ಕಡೆಯ ಮಣ್ಣು ಬೆರೆಸಿ. ಗೊಬ್ಬರದ ಗುಂಡಿ, ಬಸಿಗಾಲುವೆ ಪಕ್ಕದ್ದು ಬೇಡ. ನೆರಳಲ್ಲಿ ಒಣಗಿಸಿ, ಹೆಂಟೆ ಪುಡಿ ಮಾಡಿ, 2 ಮಿ.ಮೀ. ಜರಡಿ ಹಿಡೀರಿ. ಮೇಲೆ ಉಳಿಯೋ ಕಲ್ಲು ಈ ಲೆಕ್ಕಕ್ಕೆ ಬರಲ್ಲ. ಆದ್ರೂ ತೂಗಿ ಬರ್ಕೊಳ್ಳಿ. ತೂಕದಲ್ಲಿ ಅರ್ಧ ಕಲ್ಲೇ ಇದ್ರೆ ಆ ಜಾಗ ಬೇಸಿಗೆಯಲ್ಲಿ ಬೇಗ ಒಣಗುತ್ತೆ.

ಈಗ ಮುಖ್ಯವಾದ ಕೆಲಸ. ನೇರ ಗೋಡೆಯ ಒಂದು ಲೀಟರ್ ಬಾಟಲಿಯ ಮೂರನೇ ಒಂದು ಭಾಗದಷ್ಟು ಮಣ್ಣು ತಗೊಳ್ಳಿ. ಅದಕ್ಕೆ ಒಂದು ಟೀ ಚಮಚ ವಾಷಿಂಗ್ ಸೋಡ, ಕಲಸೋಕೆ ಬೇಕಾದಷ್ಟು ನೀರು ಹಾಕಿ ರಾತ್ರಿಯಿಡೀ ನೆನೆಸಿ. ಮಳೆನೀರಾದ್ರೆ ಒಳ್ಳೇದು. ಸುಣ್ಣದಂಶ ಇರೋ ಬೋರ್ ನೀರಲ್ಲಿ ಜೇಡಿ ಮತ್ತೆ ಮುದ್ದೆ ಕಟ್ಟುತ್ತೆ. ಅಡುಗೆ ಉಪ್ಪೂ ಅದನ್ನೇ ಮಾಡುತ್ತೆ, ಸೋಡದ ಬದಲು ಅದನ್ನ ಹಾಕ್ಬೇಡಿ. ಬೆಳಿಗ್ಗೆ ಬೆರಳಲ್ಲಿ ಚೆನ್ನಾಗಿ ಹಿಸುಕಿ, ತರಿ ಸಿಗದ ಹಾಗೆ ಉಜ್ಜಿ, ಬಾಟಲಿಗೆ ಹಾಕಿ ಮುಕ್ಕಾಲು ಬಾಟಲಿ ಆಗೋವರೆಗೆ ನೀರು ತುಂಬಿ. ಹತ್ತು ನಿಮಿಷ ಬಿಡದೆ ಕುಲುಕಿ.

ಬಾಟಲಿ ಇಟ್ಟು ಒಂದು ನಿಮಿಷಕ್ಕೆ ಮೊದಲ ಗೆರೆ ಎಳೀರಿ, ಅದು ಮರಳು. ಎರಡು ಗಂಟೆಗೆ ಎರಡನೆಯದು, ಅಲ್ಲಿವರೆಗೆ ಹೂಳು. ಎರಡು ದಿನಕ್ಕೆ ಮೂರನೆಯದು, ಜೇಡಿ. ನಡುವೆ ಬಾಟಲಿ ಅಲುಗಾಡಿಸಬೇಡಿ. ತೇಲೋ ಕಸ ಸಾವಯವ, ಲೆಕ್ಕಕ್ಕಿಲ್ಲ. ಒಟ್ಟು 10 ಸೆಂ.ಮೀ.ನಲ್ಲಿ ಮರಳು 4, ಹೂಳು 2.5, ಜೇಡಿ 3.5 ಬಂದ್ರೆ ಶೇ. 40, 25, 35. ಇದು ಜೇಡಿ ಗೋಡು ಮಣ್ಣು. ಗೋಡು ಅಂದ್ರೆ ಮರಳು, ಹೂಳು, ಜೇಡಿ ಮೂರೂ ಬೆರೆತ ಮಣ್ಣು. ಜೇಡಿಯ ಪದರ ನೀರು ಹಿಡಿದು ಉಬ್ಬಿರುತ್ತೆ, ಹಾಗಾಗಿ ಇದು ಅಂದಾಜು ಮಾತ್ರ.

ಜಂಬಿಟ್ಟಿಗೆ ಮಣ್ಣಲ್ಲಿ ಎಲ್ಲ ಹರಳೂ ಒಡೆಯಲ್ಲ, ಅದಕ್ಕೇ ಕೈಯಲ್ಲೂ ಒಮ್ಮೆ ನೋಡಲೇಬೇಕು. ಒಂದು ಹಿಡಿ ಮಣ್ಣನ್ನ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ತೆಗೀರಿ. 2.5 ಸೆಂ.ಮೀ.ಗೂ ಮೊದಲೇ ಮುರಿದ್ರೆ ಗೋಡು, 5 ಸೆಂ.ಮೀ. ದಾಟಿದ್ರೆ ಜೇಡಿ, ನಡುವಿನದು ಜೇಡಿ ಗೋಡು. ಮೊದಲು ತರಿತರಿಯಾಗಿದ್ದ ಮಣ್ಣು ಐದು ನಿಮಿಷ ನಾದಿದ ಮೇಲೆ ಉದ್ದದ ಪಟ್ಟಿ ಕೊಟ್ರೆ, ಬಾಟಲಿಯಲ್ಲಿ ಮರಳು ಅಂತ ಕಂಡದ್ದರಲ್ಲಿ ಜೇಡಿಯೂ ಇದೆ. ಆಗ ಕೈಯನ್ನೇ ನಂಬಿ.

ಜೇಡಿ ಜಾಸ್ತಿ ಬಂದ್ರೆ ಮರಳು ತಂದು ಸುರೀಬೇಡಿ, ಸ್ವಲ್ಪ ಮರಳು ಸೇರಿದ ಜೇಡಿ ಇನ್ನೂ ಗಟ್ಟಿಯಾಗುತ್ತೆ. ಕೊಳೆತ ದರಗು, ಕೊಟ್ಟಿಗೆ ಗೊಬ್ಬರ ಕೊಡಿ, ಮಳೆಗಾಲದ ತರಕಾರಿಗೆ ಏರು ಮಡಿ ಮಾಡಿ. ಮಣ್ಣಿನ ಹುಳಿ (ಆಮ್ಲೀಯತೆ) ಎಷ್ಟಿದೆ ಅಂತ ಬಾಟಲಿ ತೋರಿಸಲ್ಲ. ಮಲೆನಾಡಿನ ಮಳೆ ಕ್ಯಾಲ್ಸಿಯಂ ತೊಳೆದು ಒಯ್ದು ಮಣ್ಣು ಹುಳಿಯಾಗೋದರಿಂದ ಅದನ್ನೂ ಪರೀಕ್ಷೆ ಮಾಡಿಸಬೇಕು, ಸುಣ್ಣದ ಪ್ರಮಾಣ ಆ ವರದಿ ನೋಡಿಯೇ ಹಾಕ್ಬೇಕು. ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡೋಕೆ ಸೋಡ ಬೆರೆಸದ ಮಣ್ಣು ಅರ್ಧ ಕೆಜಿ ಮೊದಲೇ ತೆಗೆದಿಟ್ಟಿರಿ.