ಆಂಬುಲೆನ್ಸ್ ಯಾರ ಹಿಡಿತದಲ್ಲಿರಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಯಾರಿಗೋ ಎದೆನೋವು ಬಂತು. ಮನೆಯವರು ಫೋನ್ ಮಾಡಿದರು, ಆಂಬುಲೆನ್ಸ್ ಬಂತು. ಅದರಲ್ಲಿ ಬಂದವರಿಗೆ ಎಷ್ಟು ತರಬೇತಿ ಆಗಿರಬೇಕು? ಡಾಕ್ಟರನ್ನು ಕೇಳದೆ ಅವರು ಯಾವ ಔಷಧಿ ಕೊಡಬಹುದು? ಇದನ್ನು ಊರಿನ ಆಡಳಿತ ತೀರ್ಮಾನಿಸಬೇಕೋ, ರಾಜ್ಯ ಸರ್ಕಾರವೋ? ಅಮೆರಿಕದಲ್ಲಿ ಈ ಜಗ್ಗಾಟ ದಶಕಗಳಿಂದ ನಡೆದಿದೆ. ಇವತ್ತು ಅದರ ಬಗ್ಗೆ ಮಾತಾಡೋಣ.

1960ರ ದಶಕದಲ್ಲಿ ಅಲ್ಲಿನ ಆಂಬುಲೆನ್ಸುಗಳಲ್ಲಿ ಸುಮಾರು ಅರ್ಧದಷ್ಟನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರ ಮಾಡುವವರು. ಮನುಷ್ಯನನ್ನು ಮಲಗಿಸಿ ಸಾಗಿಸುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಹತ್ತಿರ, ಅಷ್ಟೇ ಕಾರಣ. ಕೆಲವು ಊರುಗಳಲ್ಲಿ ಪೊಲೀಸರೇ ತಮ್ಮ ವ್ಯಾನಿನಲ್ಲಿ ರೋಗಿಯನ್ನು ಹಾಕಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಚಿಕಿತ್ಸೆ ಅನ್ನುವುದೇ ಇರಲಿಲ್ಲ. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ಸ್ಥಿತಿಯನ್ನು ಬಯಲಿಗಿಟ್ಟಿತು. ಅದೇ ವರ್ಷ ಬಂದ ಹೆದ್ದಾರಿ ಸುರಕ್ಷತಾ ಕಾಯ್ದೆ ರಾಜ್ಯಗಳಿಗೆ, ನೀವು ಇದನ್ನು ಸರಿಮಾಡಿ ಎಂದಿತು.

ಆದರೆ ನಿಜವಾದ ಬದಲಾವಣೆ ಶುರುವಾದದ್ದು ಒಂದು ಬಡ ಬಡಾವಣೆಯಲ್ಲಿ. ಪಿಟ್ಸ್‌ಬರ್ಗ್ ನಗರದ ಹಿಲ್ ಡಿಸ್ಟ್ರಿಕ್ಟ್, ಹೆಚ್ಚಾಗಿ ಕಪ್ಪು ಜನರೇ ಇದ್ದ ಜಾಗ. 1967ರಲ್ಲಿ ಅಲ್ಲಿ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ ಹುಟ್ಟಿಕೊಂಡಿತು. ಅದರ ಬೆನ್ನಿಗಿದ್ದವರು ಡಾಕ್ಟರ್ ಪೀಟರ್ ಸಾಫರ್. ನಿಂತ ಉಸಿರಿಗೆ ಬಾಯಿಂದ ಉಸಿರು ಊದುವ ವಿಧಾನವನ್ನು ಜಗತ್ತಿಗೆ ಕಲಿಸಿದವರಲ್ಲಿ ಅವರೊಬ್ಬರು. ಕೆಲಸವಿಲ್ಲದೆ ಕೂತಿದ್ದ ಆ ಬಡಾವಣೆಯ ಯುವಕರಿಗೆ ಸುಮಾರು 300 ಗಂಟೆಗಳ ತರಬೇತಿ ಕೊಟ್ಟರು. ಅಷ್ಟು ತರಬೇತಿ ಆಗ ಬೇರೆಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಮುಂದೆ ಡಾಕ್ಟರ್ ನ್ಯಾನ್ಸಿ ಕ್ಯಾರೊಲಿನ್ ಬಂದರು. ಇದೇ ಹುಡುಗರ ಜೊತೆ ಆಂಬುಲೆನ್ಸಿನಲ್ಲಿ ಓಡಾಡಿದರು. ಅಲ್ಲಿ ಕಂಡದ್ದನ್ನು, ಕಲಿತದ್ದನ್ನು ಬಳಸಿ, ಆಂಬುಲೆನ್ಸಿನಲ್ಲೇ ಚಿಕಿತ್ಸೆ ಕೊಡುವ ತರಬೇತಾದ ಸಿಬ್ಬಂದಿಗೆ, ಅಂದರೆ ಇಡೀ ದೇಶದ ಪ್ಯಾರಾಮೆಡಿಕ್‌ಗಳಿಗೆ ಪಠ್ಯಕ್ರಮ ಬರೆದರು.

ಸ್ಥಳೀಯರ ಕೈಗೆ ಕೊಟ್ಟರೆ ಎಷ್ಟು ಒಳ್ಳೆಯದಾಗುತ್ತದೆ ನೋಡಿ, ಅಂತ ಯಾರಿಗಾದರೂ ಅನ್ನಿಸಬಹುದು, ಅಲ್ವಾ? ಆದರೆ 1975ರಲ್ಲಿ ಅದನ್ನು ಮುಗಿಸಿದ್ದೂ ಸ್ಥಳೀಯ ಆಡಳಿತವೇ. ನಗರಸಭೆ ತನ್ನದೇ ಸೇವೆ ಶುರುಮಾಡಿತು, ಫ್ರೀಡಂ ಹೌಸಿನ ಬಾಗಿಲು ಮುಚ್ಚಿತು. ದೇಶಕ್ಕೇ ಮಾದರಿಯಾಗಿದ್ದ ಆ ಕೆಲಸಗಾರರಲ್ಲಿ ಹಲವರನ್ನು ಹೊಸ ಸೇವೆಯಲ್ಲಿ ಮೂಲೆಗೆ ತಳ್ಳಿದರು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವರ ತರಬೇತಿಗೆ, ಅನುಭವಕ್ಕೆ ಬೆಲೆ ಕಟ್ಟಿ, ಇವರನ್ನು ಹೀಗೆ ಕಳಿಸುವಂತಿಲ್ಲ ಎಂದು ಹೇಳುವ ಗಟ್ಟಿ ನಿಯಮ ಮೇಲಿನಿಂದ ಇದ್ದಿದ್ದರೆ?

ಅದಕ್ಕೇ ನನ್ನ ಮಾತು ಇಷ್ಟು. ಕನಿಷ್ಠ ತರಬೇತಿ, ಲೈಸೆನ್ಸು, ತಪ್ಪು ಮಾಡಿದವರ ಮೇಲೆ ಕ್ರಮ, ಇವೆಲ್ಲ ರಾಜ್ಯದ ಕೈಯಲ್ಲಿರಬೇಕು. ರೋಗಿಗೆ ಕೆಡುಕು ಮಾಡಿ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶದಲ್ಲಿ, ಕೆಲಸ ಕಳೆದುಕೊಂಡವನು ಪಕ್ಕದ ಕೌಂಟಿಯಲ್ಲಿ ಸಮವಸ್ತ್ರ ಹಾಕಿ ನಿಲ್ಲಬಾರದು. ಆದರೆ ರೋಗಿಯ ಪಕ್ಕ ಕೂತಾಗ ಏನು ಮಾಡಬೇಕು ಅನ್ನುವುದನ್ನು ಆ ಜಾಗದ ಡಾಕ್ಟರ್ ತಿದ್ದುತ್ತಾ ಹೋಗಬೇಕು.

ಯಾಕೆ ಅಂತೀರಾ? ತೀವ್ರ ಅಲರ್ಜಿಯ ಉದಾಹರಣೆ ತಗೊಳ್ಳಿ. ಜೇನು ಕಚ್ಚಿದೆ, ಗಂಟಲು ಊದಿಕೊಳ್ಳುತ್ತಿದೆ. ತೊಡೆಯ ಹೊರಭಾಗಕ್ಕೆ ಎಪಿನೆಫ್ರಿನ್ ಅನ್ನುವ ಔಷಧಿ ಚುಚ್ಚಬೇಕು, ಅದೂ ತಕ್ಷಣ. ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನ ಇದೆ, ಆದರೆ ಅದರ ಬೆಲೆ ಜಾಸ್ತಿ. ಅದೇ ಔಷಧಿ ಪುಟ್ಟ ಸೀಸೆಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಸಿರಿಂಜಿಗೆ ಅಳತೆ ಮಾಡಿ ಎಳೆದುಕೊಳ್ಳಬೇಕು ಅಷ್ಟೇ. ಇದನ್ನು ಕೆಳಹಂತದ ಸಿಬ್ಬಂದಿ ಮಾಡಬಾರದು ಎಂದು ಎಷ್ಟೋ ಕಡೆ ನಿಯಮವಿತ್ತು. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಅವರಿಗೇ ಇದನ್ನು ಕಲಿಸಿದರು, ಸೀಸೆ ಮತ್ತು ಸಿರಿಂಜು ಸೇರಿಸಿ ಒಂದು ಕಿಟ್ ಮಾಡಿ ಕೊಟ್ಟರು. ಅದು ಕೆಲಸ ಮಾಡಿತು, ಬೇರೆ ಕಡೆಯವರೂ ಹಿಡಿದುಕೊಂಡರು. ರಾಜಧಾನಿಯಲ್ಲಿ ಕೂತವರಿಗೆ ಇಂಥದ್ದು ಹೊಳೆಯುವುದು ಕಷ್ಟ. ಪ್ರತಿ ಕರೆಯ ವರದಿ ಓದುವ, ಗಾಡಿಯಲ್ಲಿ ಏನಿದೆ ಏನಿಲ್ಲ ಎಂದು ಗೊತ್ತಿರುವ ಡಾಕ್ಟರಿಗೆ ಹೊಳೆಯುತ್ತದೆ.

ಕ್ಯಾಲಿಫೋರ್ನಿಯಾ 1980ರಲ್ಲಿ ಇಂಥದ್ದೇ ಎರಡು ಹಂತದ ಕಾನೂನು ಮಾಡಿತು. ಮೇಲೆ ರಾಜ್ಯದ ಪ್ರಾಧಿಕಾರ, ಕೆಳಗೆ ಕೌಂಟಿಗಳ ಸ್ಥಳೀಯ ಏಜೆನ್ಸಿ, ಅಲ್ಲೊಬ್ಬ ವೈದ್ಯಕೀಯ ನಿರ್ದೇಶಕ. ಒಳ್ಳೆಯ ಏರ್ಪಾಡೇ. ಆದರೆ 1980ರ ಜೂನ್ 1ಕ್ಕೆ ಮುಂಚೆಯೇ ಸೇವೆ ನಡೆಸುತ್ತಿದ್ದ ನಗರಗಳು, ಕೌಂಟಿಯ ಜೊತೆ ಒಪ್ಪಂದ ಆಗುವವರೆಗೆ ಹಾಗೇ ಮುಂದುವರಿಯಬಹುದು ಎಂದು ಒಂದು ಸಾಲು ಸೇರಿಸಿದರು. ಆ ಒಂದು ಸಾಲು ಹಿಡಿದುಕೊಂಡು ನಗರಗಳೂ ಕೌಂಟಿಗಳೂ ವರ್ಷಗಟ್ಟಲೆ ಕೋರ್ಟಿಗೆ ಅಲೆದವು. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ವಿಷಯ ಹೋಯಿತು.

ಇಷ್ಟೆಲ್ಲ ಜಗಳದ ನಡುವೆ ದುಡ್ಡಿನ ಮಾತು ಹಿಂದೆ ಉಳಿಯುತ್ತದೆ. 1973ರ ಕಾಯ್ದೆಯಿಂದ ಕೇಂದ್ರ ಸರ್ಕಾರ ಪ್ರಾದೇಶಿಕ ತುರ್ತು ಸೇವೆಗಳಿಗೆ ನೇರವಾಗಿ ಹಣ ಕೊಡುತ್ತಿತ್ತು. 1981ರಲ್ಲಿ ಅದನ್ನು ಬೇರೆ ಆರೋಗ್ಯ ಅನುದಾನಗಳ ಜೊತೆ ಕಟ್ಟಿ ರಾಜ್ಯಗಳ ಕೈಗೆ ಕೊಟ್ಟರು. ವಯಸ್ಸಾದವರ ವಿಮೆಯಾದ ಮೆಡಿಕೇರ್ ದುಡ್ಡು ಕೊಡುವುದು ಸಾಮಾನ್ಯವಾಗಿ ರೋಗಿಯನ್ನು ಸಾಗಿಸಿದರೆ ಮಾತ್ರ. ರಾತ್ರಿಯಿಡೀ ಕರೆಗಾಗಿ ಕಾದು ಕೂತವರ ಖರ್ಚು ಊರಿನ ತಲೆಯ ಮೇಲೆ. ಸಣ್ಣ ಊರುಗಳಲ್ಲಿ ಸಂಬಳವಿಲ್ಲದ ಸ್ವಯಂಸೇವಕರೇ ಇದನ್ನು ಹೊತ್ತಿದ್ದಾರೆ, ಅವರ ಸಂಖ್ಯೆಯೂ ಕರಗುತ್ತಿದೆ. ಅಂಥ ಊರಿಗೆ ಅಧಿಕಾರ ನಿಮ್ಮದೇ ಎಂದು ಸುಮ್ನೆ ಹೇಳಿದರೆ ಏನು ಬಂತು?

ಬೆಂಕಿ ಆರಿಸುವವರು, ಪೊಲೀಸರು ಇರಲೇಬೇಕು ಎಂದು ಜನ ನಂಬಿದ್ದಾರೆ. ಆದರೆ ಆಂಬುಲೆನ್ಸ್ ಇರಲೇಬೇಕು ಎಂದು ಊರಿನ ಆಡಳಿತವನ್ನು ಕಟ್ಟಿಹಾಕುವ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲಿ ಇಲ್ಲ. ಮೊದಲು ಆ ಕಾನೂನು ಬರಲಿ, ಅದರ ಜೊತೆಗೇ ರಾಜ್ಯದ ಖಜಾನೆಯಿಂದ ಹಣವೂ ಬರಲಿ. ಯಾರ ಹಿಡಿತ ಎಷ್ಟು ಅನ್ನುವ ಲೆಕ್ಕವನ್ನು ಆಮೇಲೆ ಕೂತು ಮಾಡಬಹುದು.

ನಮಸ್ಕಾರ.