ಟೆಸ್ಸಾ ವುಲ್ಲಾರ್ಟ್: ಗೋಲಿಗೆ ಬೆನ್ನು ಹಾಕಿ ಆಟ ಕಟ್ಟುವ ಸ್ಟ್ರೈಕರ್

ಆತ್ಮೀಯರೇ,

ಬೆಲ್ಜಿಯಂ ಮಹಿಳಾ ಫುಟ್‌ಬಾಲ್ ತಂಡದ ಪರ ಅತಿ ಹೆಚ್ಚು ಗೋಲು ಹೊಡೆದವರು ಟೆಸ್ಸಾ ವುಲ್ಲಾರ್ಟ್. ಆದರೆ ಅವರ ಆಟವನ್ನು ಮೊದಲ ಸಲ ನೋಡುವವರಿಗೆ ಇವರು ಸ್ಟ್ರೈಕರ್, ಅಂದರೆ ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಮುಂಚೂಣಿ ಆಟಗಾರ್ತಿ, ಹೌದೋ ಅಲ್ಲವೋ ಎಂಬ ಅನುಮಾನ ಬರುತ್ತದೆ. ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್‌ನಲ್ಲಿ ಕಾದು ನಿಲ್ಲುವ ಅಭ್ಯಾಸ ಅವರಿಗಿಲ್ಲ. ಎದುರಾಳಿಯ ಡಿಫೆಂಡರ್‌ಗಳಿಗೂ ಮಿಡ್‌ಫೀಲ್ಡರ್‌ಗಳಿಗೂ ನಡುವೆ ಇರುವ ಖಾಲಿ ಜಾಗಕ್ಕೆ ಇಳಿದು ಬರುತ್ತಾರೆ.

ಇದರಿಂದ ಡಿಫೆಂಡರ್ ಇಕ್ಕಟ್ಟಿಗೆ ಸಿಲುಕುತ್ತಾಳೆ. ಬೆನ್ನಟ್ಟಿ ಬಂದರೆ ಅವಳ ಹಿಂದೆ ತೆರೆದ ಜಾಗಕ್ಕೆ ಮೈದಾನದ ಅಂಚಿನಲ್ಲಿ ಆಡುವ ವಿಂಗರ್ ಓಡುತ್ತಾಳೆ. ಬಾರದಿದ್ದರೆ ವುಲ್ಲಾರ್ಟ್ ಚೆಂಡು ಹಿಡಿದು ಗೋಲಿನತ್ತ ತಿರುಗುತ್ತಾರೆ. ತಿರುಗಬೇಕಾದರೆ ಎರಡು ಕೆಲಸ ಮೊದಲೇ ಆಗಿರಬೇಕು. ಚೆಂಡು ಬರುವ ಮುನ್ನ ಹೆಗಲ ಮೇಲಿಂದ ಹಿಂದೆ ನೋಡಿರಬೇಕು, ಮೈ ಓರೆಯಾಗಿರಬೇಕು. ಪೂರ್ತಿ ಬೆನ್ನು ತೋರಿಸಿ ನಿಂತರೆ ಮೊದಲ ಸ್ಪರ್ಶಕ್ಕೇ ಚೆಂಡು ಕಳೆದುಹೋಗುತ್ತದೆ. ಈ ಆಟಕ್ಕೆ ದೊಡ್ಡ ಅಪಾಯ ಸ್ವಂತ ತಂಡದಿಂದಲೇ ಬರುತ್ತದೆ. ಬಲಿಷ್ಠ ತಂಡದೆದುರು ಬೆಲ್ಜಿಯಂ ತನ್ನ ಬಾಕ್ಸ್‌ವರೆಗೆ ಹಿಂದೆ ಸರಿದಾಗ ಮಿಡ್‌ಫೀಲ್ಡ್‌ಗೂ ಸ್ಟ್ರೈಕರ್‌ಗೂ 30 ಮೀಟರ್‌ಗಿಂತ ಹೆಚ್ಚು ಅಂತರ ಬೀಳುತ್ತದೆ. ಆಗ ಬರುವುದು ಎತ್ತಿ ಹೊಡೆದ ಚೆಂಡು ಮಾತ್ರ. ಅದನ್ನು ಹಿಡಿದರೂ ಪಾಸ್ ಕೊಡಲು ಹತ್ತಿರ ಯಾರೂ ಇರುವುದಿಲ್ಲ.

1993ರಲ್ಲಿ ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್ ಪ್ರಾಂತ್ಯದ ಟೀಲ್ಟ್‌ನಲ್ಲಿ ಹುಟ್ಟಿದ ವುಲ್ಲಾರ್ಟ್ ಅಲ್ಲಿನದೇ ಜುಲ್ಟೆ ವಾರೆಗೆಮ್, ಆಂಡರ್‌ಲೆಕ್ಟ್, ಸ್ಟ್ಯಾಂಡರ್ಡ್ ಲಿಯೇಜ್ ತಂಡಗಳಲ್ಲಿ ಬೆಳೆದರು. 2012ರಿಂದ 2015ರವರೆಗೆ ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್ ಒಟ್ಟಾಗಿ ಬೆನೆ ಲೀಗ್ ನಡೆಸಿದವು. ಡಚ್ ತಂಡಗಳ ಎದುರಿನ ಆ ಪಂದ್ಯಗಳು ಅವರನ್ನು ಹದಗೊಳಿಸಿದವು ಎಂದು ನಾನು ನಂಬುತ್ತೇನೆ.

2015ರಲ್ಲಿ ಜರ್ಮನಿಯ ವೋಲ್ಫ್ಸ್‌ಬುರ್ಗ್ ಸೇರಿದರು. ಮೂರು ವರ್ಷದಲ್ಲಿ ಎರಡು ಲೀಗ್ ಪ್ರಶಸ್ತಿ, ಮೂರು ಜರ್ಮನ್ ಕಪ್ ಬಂದವು. ಆದರೆ ಪೊಪ್, ಪಾಯೊರ್, ಆಮೇಲೆ ಹಾರ್ಡರ್‌ರಂಥ ಹೆಸರಾಂತ ಸ್ಟ್ರೈಕರ್‌ಗಳಿದ್ದ ಆ ಮುಂಚೂಣಿಯಲ್ಲಿ ಜಾಗ ಸಿಗುವುದು ಸುಲಭವಿರಲಿಲ್ಲ. ನಂತರ ಎರಡು ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ. 2019ರಲ್ಲಿ ಆ ತಂಡ ಎಫ್‌ಎ ಕಪ್ ಮತ್ತು ಲೀಗ್ ಕಪ್ ಎರಡನ್ನೂ ಗೆದ್ದಿತು.

2020ರಲ್ಲಿ ಆಂಡರ್‌ಲೆಕ್ಟ್‌ಗೆ ಮರಳಿದ್ದು ಹಿನ್ನಡೆಯಂತೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಇಳಿದು ಬಂದು ಆಡುವ ಸ್ಟ್ರೈಕರ್‌ಗೆ ವಾರವಾರವೂ 90 ನಿಮಿಷ ಬೇಕು, ಅವಳ ಸುತ್ತಲೇ ಆಟ ಕಟ್ಟುವ ತಂಡ ಬೇಕು. ಕೊನೆಯ 20 ನಿಮಿಷಕ್ಕೆ ಇಳಿಸಿದರೆ ವಿಂಗರ್ ಯಾವ ಕ್ಷಣದಲ್ಲಿ ಓಡುತ್ತಾಳೆ ಎಂಬ ಅಂದಾಜು ಕೂಡಿಬರುವುದೇ ಇಲ್ಲ. ಆಂಡರ್‌ಲೆಕ್ಟ್ ಆ ಎರಡು ಋತುಗಳಲ್ಲೂ ಚಾಂಪಿಯನ್ ಆಯಿತು. 2022ರಲ್ಲಿ ಆಗಷ್ಟೇ ಮಹಿಳಾ ತಂಡ ಕಟ್ಟಿದ್ದ ನೆದರ್‌ಲೆಂಡ್ಸ್‌ನ ಫೋರ್ಟುನಾ ಸಿಟಾರ್ಡ್, 2024ರಲ್ಲಿ ಇಂಟರ್ ಮಿಲಾನ್ ಸೇರಿದರು. ಅವರ ಮೊದಲ ಋತುವಿನಲ್ಲೇ ಇಂಟರ್ ಇಟಲಿಯ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು.

ಈ ನಿಯಮಿತ ಆಟದ ಫಲ ರಾಷ್ಟ್ರೀಯ ತಂಡಕ್ಕೆ ಸಿಕ್ಕಿತು. ಅದಕ್ಕೂ ಮೊದಲು, 2017ರಲ್ಲಷ್ಟೇ ಬೆಲ್ಜಿಯಂ ಮೊದಲ ಸಲ ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಯೂರೋ ಆಡಿತ್ತು. ಆತಿಥೇಯ ನೆದರ್‌ಲೆಂಡ್ಸ್ ಎದುರು 1-2ರಿಂದ ಸೋತಾಗ ಆ ಒಂದು ಗೋಲು ವುಲ್ಲಾರ್ಟ್ ಅವರದು. 2022ರ ಯೂರೋದಲ್ಲಿ ಕ್ವಾರ್ಟರ್ ಫೈನಲ್. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಶ್ವಕಪ್ ಅರ್ಹತೆಗಾಗಿ ನಡೆದ ಪ್ಲೇಆಫ್‌ನಲ್ಲಿ ಪೋರ್ಚುಗಲ್ ಎದುರು 1-2ರ ಸೋಲು, ಬಹಳ ನೋವಿನದು.

2023ರ ಅಕ್ಟೋಬರ್ 31ರಂದು ಬೆಲ್ಜಿಯಂನ ಲ್ಯೂವೆನ್ ನಗರದಲ್ಲಿ ಯುರೋಪಿನ ಚಾಂಪಿಯನ್ ಇಂಗ್ಲೆಂಡನ್ನು 3-2ರಿಂದ ಮಣಿಸಿದಾಗ ಎರಡು ಗೋಲು ಅವರವು. ಗೆಲುವಿನದು 85ನೇ ನಿಮಿಷದ ಪೆನಾಲ್ಟಿ. 2025ರ ಏಪ್ರಿಲ್‌ನಲ್ಲಿ ಅದೇ ಇಂಗ್ಲೆಂಡ್ ಎದುರು ಬ್ರಿಸ್ಟಲ್‌ನಲ್ಲಿ 0-5ರಿಂದ ಸೋತು ನಾಲ್ಕೇ ದಿನಕ್ಕೆ ಲ್ಯೂವೆನ್‌ನಲ್ಲಿ ಮತ್ತೆ 3-2ರ ಗೆಲುವು. ಮತ್ತೆ ಅವರದೇ ಎರಡು ಗೋಲು.

ಆ ಬೇಸಿಗೆಯ ಯೂರೋದಲ್ಲಿ ಇಟಲಿ, ಸ್ಪೇನ್ ಎದುರು ಸೋತು ಬೆಲ್ಜಿಯಂ ಆಗಲೇ ಹೊರಬಿದ್ದಿತ್ತು. ಕೊನೆಯ ಪಂದ್ಯ ಪೋರ್ಚುಗಲ್ ಜೊತೆ. ಮೂರನೇ ನಿಮಿಷಕ್ಕೇ ವುಲ್ಲಾರ್ಟ್ ಗೋಲು ಹೊಡೆದರು. ಕೊನೆಗಳಿಗೆಯಲ್ಲಿ ಸಹ ಆಟಗಾರ್ತಿ ಜಾನಿಸ್ ಕೇಮನ್ ಎರಡನೆಯದನ್ನು ಸೇರಿಸಿದರು: 2-1ರ ಗೆಲುವು.