ಸತ್ತ ರಾಜನಿಗೆ 413 ಆಳುಗಳು ಯಾಕೆ?

ನಮಸ್ಕಾರ! ಹಿಂದಿನ ಮಮ್ಮಿ ವಿಡಿಯೋಗೆ ಒಂದು ಕಾಮೆಂಟ್ ಬಂದಿತ್ತು: "ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮನ್ ಸಮಾಧೀಲಿ ಅಷ್ಟೊಂದು ಗೊಂಬೆ ಯಾಕೆ? ರಾಜ ಆಟ ಆಡ್ತಿದ್ನಾ?" ಸುಮಾರು 19ನೇ ವಯಸ್ಸಿಗೇ ಸತ್ತವನು, ಅನುಮಾನ ಬರೋದು ಸಹಜ. ಆದ್ರೆ ಅವು ಆಟಕ್ಕಲ್ಲ, ಬಿಟ್ಟಿ ಚಾಕರಿ ತಪ್ಪಿಸಿಕೊಳ್ಳೋಕೆ.

ಮಮ್ಮಿ ಕಥೆ ನಿಮಗೆ ಗೊತ್ತೇ ಇದೆ. ಮಿದುಳು ಮೂಗಿನಿಂದ ಆಚೆ, ಕರುಳು-ಲಿವರ್ ಜಾಡಿಗೆ, ದೇಹ ಒಣಗೋಕೆ ನೇಟ್ರಾನ್ ಅನ್ನೋ ಉಪ್ಪಿಗೆ, ಬಟ್ಟೆ ಸುತ್ತೋದೂ ಸೇರಿ 70 ದಿನ. ಮುಂದಕ್ಕೆ ಹೋಗೋಣ.

ಇಷ್ಟೆಲ್ಲ ಕಷ್ಟಪಟ್ಟು ಹೋಗೋದು ಎಲ್ಲಿಗೆ? ಸತ್ತವರ ದೇವರು ಒಸಿರಿಸ್‌ನ ಲೋಕದ ಜೊಂಡಿನ ಬಯಲಿಗೆ. ಅಲ್ಲೇನಿದೆ? ಹೊಲ!

[ಸ್ಕ್ರೀನ್ ಮೇಲೆ: ಸೆನ್ನೆಜೆಮ್ ಸಮಾಧಿಯ ಗೋಡೆಚಿತ್ರ, ದೇರ್ ಎಲ್-ಮದೀನಾ]

ಈತ ರಾಜರ ಸಮಾಧಿ ಕಟ್ಟುತ್ತಿದ್ದ ಕುಶಲಕರ್ಮಿ. ಪರಲೋಕದಲ್ಲಿ ಎತ್ತು ಹೂಡಿದ್ದಾನೆ, ಹಿಂದೆ ಹೆಂಡತಿ ಬೀಜ ಬಿತ್ತುತ್ತಿದ್ದಾಳೆ. ಬಟ್ಟೆ ನೋಡಿ, ನೆರಿಗೆ ಇಟ್ಟ ಬೆಳ್ಳನೆ ಬಿಳಿ, ಒಂದು ಚುಕ್ಕೆ ಕೆಸರಿಲ್ಲ. ಉಳುಮೆ ಮಾಡಿ ಗೊತ್ತಿರೋರು ಬರೆದ ಚಿತ್ರ ಇದಲ್ಲ ಬಿಡಿ.

ಬದುಕಿದ್ದಾಗ ಈಜಿಪ್ಟಿನ ಜನರನ್ನ ಕಾಲುವೆ ತೋಡೋಕೆ, ಏರಿ ಕಟ್ಟೋಕೆ ಸರ್ಕಾರವೇ ಹಿಡ್ಕೊಂಡು ಹೋಗ್ತಿತ್ತು. ಸತ್ತ ಮೇಲೂ ಆ ಕರೆ ಬರುತ್ತೆ ಅಂತ ಅವರ ನಂಬಿಕೆ. ಅದಕ್ಕೇ ಈ ಗೊಂಬೆಗಳು, ಹೆಸರು ಶಬ್ತಿ. ಮೈಮೇಲೆ ಮಂತ್ರ ಬರೆದಿರುತ್ತೆ. ಸಾರಾಂಶ ಇಷ್ಟು: ಸತ್ತ ನಿನ್ನ ಯಜಮಾನನನ್ನ ಹೊಲಕ್ಕೆ ನೀರು ಹಾಯಿಸೋಕೆ, ಮರಳು ಸಾಗಿಸೋಕೆ ಕರೆದರೆ, "ನಾನಿದ್ದೀನಿ" ಅಂತ ನೀನು ಹೇಳು.

ಮೊದಮೊದಲು ಒಬ್ಬರಿಗೆ ಒಂದೋ ಎರಡೋ ಇದ್ದರೆ ಸಾಕಾಗ್ತಿತ್ತು. 1922ರಲ್ಲಿ ಹೊವರ್ಡ್ ಕಾರ್ಟರ್ ಪತ್ತೆ ಮಾಡಿದ ಟುಟಾಂಖಾಮನ್ ಸಮಾಧೀಲಿ 413. ವರ್ಷದ ದಿನಕ್ಕೊಂದರಂತೆ 365 ಆಳು. ಅವರ ವಾರಕ್ಕೆ ಹತ್ತು ದಿನ, ಹಾಗಾಗಿ ವಾರಕ್ಕೊಬ್ಬ ಮೇಸ್ತ್ರಿ ಅಂತ 36. ಮೇಸ್ತ್ರಿಗಳ ಮೇಲೆ ತಿಂಗಳಿಗೊಬ್ಬರಂತೆ 12! ಮುಂದಿನ ಕಾಲದ ಮೇಸ್ತ್ರಿ ಗೊಂಬೆಗಳ ಕೈಯಲ್ಲಿ ಚಾಟಿ ಬೇರೆ. ಅಂದ್ರೆ ಮಂತ್ರ ಹಾಕಿದ ಗೊಂಬೆಯೂ ಮೈಗಳ್ಳತನ ಮಾಡಬಹುದು ಅಂತ ಇವರಿಗೆ ಗುಮಾನಿ.

ನನಗೆ ತುಂಬಾ ಇಷ್ಟವಾದದ್ದು ಇನ್ನು ಮುಂದಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಪಪೈರಸ್ ಹಾಳೆ ಇದೆ, ಹತ್ತಿರ ಹತ್ತಿರ 3000 ವರ್ಷ ಹಳೇದು. ಮಂತ್ರ ಅಲ್ಲ, ರಸೀದಿ! ಅಮುನ್ ದೇವಸ್ಥಾನಕ್ಕೆ ತಾಯಿತ ಮಾಡಿಕೊಡುವವರ ಮುಖ್ಯಸ್ಥ, ಒಬ್ಬ ಪೂಜಾರಿಗೆ ಬರೆದುಕೊಟ್ಟದ್ದು. ಪೂಜಾರಿ ತನ್ನ ಅಪ್ಪನಿಗಾಗಿ ಶಬ್ತಿ ಕೊಂಡಿದ್ದಾನೆ. 365 ಆಳು, 36 ಮೇಸ್ತ್ರಿ, ಒಟ್ಟು 401, ಬೆಳ್ಳಿ ಪೂರ್ತಿ ಸಂದಾಯ ಆಗಿದೆ ಅಂತ ದೇವರ ಮೇಲೆ ಆಣೆ. ಅಲ್ಲಿಗೆ ನಿಲ್ಲಲ್ಲ. ಅದೇ ರಸೀದೀಲಿ ಗೊಂಬೆಗಳಿಗೇ ಅಪ್ಪಣೆ: ಬೇಗ ಹೋಗಿ ಇವರಪ್ಪನ ಕೆಲಸ ಮಾಡಿ, ಕರೆದಾಗೆಲ್ಲ ಸಿದ್ಧ ಅನ್ನಿ. ಫ್ರಿಡ್ಜ್ ಅಂಗಡಿಯವನು ಬಿಲ್ ಹರಿದುಕೊಟ್ಟು, ಫ್ರಿಡ್ಜ್ ಕಡೆ ತಿರುಗಿ "ಸಾಹೇಬ್ರ ಮನೇಲಿ ನೆಟ್ಟಗೆ ತಂಪು ಮಾಡು" ಅಂದ ಹಾಗೆ! ತಮಾಷೆ ಪಕ್ಕಕ್ಕಿಡಿ. ಬೆಲೆ ಸಂದಾಯ ಆಗದಿದ್ರೆ ಪರಲೋಕದಲ್ಲಿ ಆಳುಗಳು ತಕರಾರು ತೆಗೀಬಹುದು, ಅದಕ್ಕೇ ಲಿಖಿತ ಪುರಾವೆ ಅಂತ ನನಗನ್ನಿಸುತ್ತೆ.

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಲ್ಲಿ. ಈ ಹೊಲ ಸಿಗಬೇಕಾದರೆ ಮೊದಲು ಸತ್ತವನ ಹೃದಯವನ್ನ ಸತ್ಯ-ನ್ಯಾಯದ ದೇವಿ ಮಾತ್‌ಳ ಗರಿ ಜೊತೆ ತೂಗ್ತಾರೆ. ಹೃದಯವೇ ಭಾರವಾದರೆ ಮೊಸಳೆ ಮುಖದ ಅಮ್ಮಿಟ್ ಅನ್ನೋ ರಾಕ್ಷಸಿ ಅದನ್ನ ನುಂಗುತ್ತೆ. 42 ದೇವತೆಗಳ ಮುಂದೆ "ಕದ್ದಿಲ್ಲ, ಕೊಂದಿಲ್ಲ" ಅಂತ ಒಪ್ಪಿಸಬೇಕು. ಅಷ್ಟರಲ್ಲಿ ಹೃದಯವೇ ಬಾಯಿಬಿಟ್ಟರೆ? ಅದಕ್ಕೂ ವ್ಯವಸ್ಥೆ ಇದೆ: ಎದೆ ಮೇಲೆ ಜೀರುಂಡೆ ಆಕಾರದ ಕಲ್ಲು, ಅದರ ಮೇಲೆ "ನನ್ನ ವಿರುದ್ಧ ಸಾಕ್ಷಿ ಹೇಳಬೇಡ" ಅನ್ನೋ ಮಂತ್ರ. ಸಾಕ್ಷಿಯನ್ನೇ ಬುಕ್ ಮಾಡ್ಕೊಂಡಿದ್ದಾರೆ!

ಕೊನೇದಾಗಿ ತಹಾರ್ಕ. ಈಜಿಪ್ಟನ್ನೂ ಆಳಿದ ಕುಶ್ ದೇಶದ ರಾಜ, ಪಿರಮಿಡ್ ಇರೋದು ಇವತ್ತಿನ ಸುಡಾನ್‌ನ ನೂರಿಯಲ್ಲಿ. ಅವನ ಜೊತೆ 1000ಕ್ಕೂ ಹೆಚ್ಚು ಕಲ್ಲಿನ ಶಬ್ತಿಗಳು ಸಿಕ್ಕಿವೆ. ಅಷ್ಟು ಜನರನ್ನ ಸಂಭಾಳಿಸೋಕೆ ಎಷ್ಟು ಮೇಸ್ತ್ರಿ ಬೇಕು, ಲೆಕ್ಕ ಹಾಕಿ ಕಾಮೆಂಟ್ ಮಾಡಿ.